ಹಳೆ ಲ್ಯಾಪ್‌ಟಾಪ್ ತುಂಬಾ ನಿಧಾನ, ರ‍್ಯಾಮ್ ಹಾಕಿಸಿದರೆ ಸಾಕಾ?

ದಾವಣಗೆರೆ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. 2016ರಲ್ಲಿ ತಗೊಂಡ ಲ್ಯಾಪ್‌ಟಾಪ್. ಐ5 ಆರನೇ ಜನರೇಷನ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಈಚೆಗೆ ಆನ್ ಮಾಡಿ ಟೀ ಕುಡಿದು ಬಂದರೂ ಡೆಸ್ಕ್‌ಟಾಪ್ ಪೂರ್ತಿ ಬಂದಿರುವುದಿಲ್ಲ. ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಸೇವ್ ಕೊಟ್ಟರೆ ಹಾಗೇ ನಿಂತುಬಿಡುತ್ತದೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿ ರ‍್ಯಾಮ್ ಹಾಕೋಣ ಅಂದರು. ದುಡ್ಡು ಕೊಡುವ ಮೊದಲು ನಿಜವಾದ ಕಾರಣ ಗೊತ್ತಾಗಬೇಕು. ಮನೆಯಲ್ಲೇ ಹೇಗೆ ನೋಡುವುದು?

ಕರಾವಳಿ_ಟೆಕ್:
ಸರ್, ಸದ್ಯಕ್ಕೆ ಫಾರ್ಮ್ಯಾಟ್ ಬೇಡ. ಲ್ಯಾಪ್‌ಟಾಪ್ ನಿಧಾನ ಆಗಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು, ಮೆಮೊರಿ, ಡಿಸ್ಕ್ ಈ ಮೂರರಲ್ಲಿ ಯಾವುದು 100ರ ಹತ್ತಿರ ನಿಂತಿದೆ ನೋಡಿ. ಮೆಮೊರಿ ತುಂಬಿದ್ದರೆ ಮಾತ್ರ ರ‍್ಯಾಮ್ ಮಾತು. ಡಿಸ್ಕ್ 100 ಅಂತ ಇದ್ದರೆ ಅದರ ಕೆಳಗೆ ರೀಡ್, ರೈಟ್ ಸ್ಪೀಡ್ ಎಷ್ಟಿದೆ, ರೆಸ್ಪಾನ್ಸ್ ಟೈಮ್ ಎಷ್ಟಿದೆ ಅದನ್ನೂ ಬರೆದುಕೊಳ್ಳಿ, ಅಸಲು ವಿಷಯ ಅಲ್ಲೇ ಇರುತ್ತದೆ.

ಸಿರ್ಸಿ_ಹುಡುಗಿ:
ಸಿಪಿಯು ಸ್ಪೀಡ್ ಕೂಡ ನೋಡಿ ಸರ್. ಬೇಸ್ ಸ್ಪೀಡ್ 2 ಗಿಗಾಹರ್ಟ್ಸ್‌ಗಿಂತ ಜಾಸ್ತಿ ಇದ್ದು, ಕೆಲಸದ ಹೊತ್ತಲ್ಲೂ 0.8 ದಾಟದಿದ್ದರೆ ಫ್ಯಾನಿಗೆ ಧೂಳು ಕಟ್ಟಿರಬಹುದು, ಪ್ರೊಸೆಸರ್ ಬಿಸಿ ಹೊರಹಾಕಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳು ಒರಿಜಿನಲ್ ಅಲ್ಲದ ಚಾರ್ಜರ್ ಹಾಕಿದರೂ ಹೀಗೇ ಮಾಡುತ್ತವೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ದಾವಣಗೆರೆ_ಮೇಷ್ಟ್ರು:
ನೋಡಿದೆ. ಸಿಪಿಯು ಬಳಕೆ ಕಡಿಮೆ ಇದೆ, ಸ್ಪೀಡ್ 2ರ ಮೇಲೇ ಇದೆ. ಮೆಮೊರಿ 70 ಪರ್ಸೆಂಟ್. ಆದರೆ ಡಿಸ್ಕ್ 100ರಿಂದ ಇಳಿಯುತ್ತಲೇ ಇಲ್ಲ. ಓದುವ ವೇಗ ಸೆಕೆಂಡಿಗೆ 1 ಎಂಬಿ ಕೂಡ ಇಲ್ಲ, ರೆಸ್ಪಾನ್ಸ್ ಟೈಮ್ ಸಾವಿರಗಟ್ಟಲೆ ಮಿಲಿಸೆಕೆಂಡ್ ತೋರಿಸುತ್ತದೆ. ಆಗಾಗ ಟಕ್ ಟಕ್ ಅಂತ ಸದ್ದು ಬೇರೆ.

ಕರಾವಳಿ_ಟೆಕ್:
ಹಾಗಾದರೆ ಹಾರ್ಡ್ ಡಿಸ್ಕ್ ಮೇಲೇ ಅನುಮಾನ ಸರ್. ದೊಡ್ಡ ಫೈಲ್ ಕಾಪಿ ಮಾಡುವಾಗ 100 ಬಂದರೆ ಅದು ಮಾಮೂಲಿ. ಸೆಕೆಂಡಿಗೆ 1 ಎಂಬಿಯನ್ನೂ ಓದಲಾಗದೆ 100 ತೋರಿಸುತ್ತಿದೆ, ಮೇಲೆ ಸದ್ದೂ ಇದೆ ಅಂದರೆ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿದೆ ಅಂತ. ದಯವಿಟ್ಟು ಇವತ್ತೇ ಮುಖ್ಯವಾದ ಫೈಲ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೋ ಹೊರಗಿನ ಡಿಸ್ಕಿಗೋ ಹಾಕಿಕೊಳ್ಳಿ. ಅದಕ್ಕಿಂತ ಮೊದಲು ಡಿಸ್ಕಿನ ಫೈಲ್ ಜೋಡಿಸುವ ಡಿಫ್ರಾಗ್, ತಪ್ಪು ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ಯಾವುದನ್ನೂ ಓಡಿಸಬೇಡಿ, ಸೋತ ಡಿಸ್ಕಿಗೆ ಅದು ಇನ್ನಷ್ಟು ಹೊರೆ. ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ, ಅದು ಉಚಿತ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಜಾಗ ಕೊಟ್ಟ ಭಾಗ), ಪೆಂಡಿಂಗ್ ಸೆಕ್ಟರ್ (ಓದಲಾಗದೆ ಉಳಿದ ಭಾಗ) ಸಾಲುಗಳ ಮುಂದೆ ಹಳದಿ ಅಥವಾ ಕೆಂಪು ಬಂದರೆ ಅನುಮಾನವೇ ಬೇಡ. ಹಾರ್ಡ್ ಡಿಸ್ಕ್ ಬದಲಿಗೆ, ತಿರುಗುವ ಭಾಗವಿಲ್ಲದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಸೆಕೆಂಡಿಗೆ 500 ಎಂಬಿ ಆಸುಪಾಸು ಓದುತ್ತದೆ. ರ‍್ಯಾಮ್ 8 ಜಿಬಿ ಮಾಡಿದರೆ ಒಳ್ಳೆಯದೇ, ಆದರೆ ಅದು ಎರಡನೇ ಕೆಲಸ. ಈ ಡಿಸ್ಕ್ ಇಟ್ಟುಕೊಂಡು ರ‍್ಯಾಮ್ ಹಾಕಿಸಿದರೆ ದುಡ್ಡು ಹೋಗುತ್ತದೆ, ಕಾಯುವುದು ತಪ್ಪುವುದಿಲ್ಲ.

ಸಿರ್ಸಿ_ಹುಡುಗಿ:
ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ (ಭದ್ರತಾ ಅಪ್‌ಡೇಟ್ ಕೊಡುವುದು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆರನೇ ಜನರೇಷನ್ ಪ್ರೊಸೆಸರ್ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಲ್ಲ. ಬ್ಯಾಂಕ್ ಕೆಲಸ ಇದರಲ್ಲೇ ಮಾಡುತ್ತೀರಿ ಅಂದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಬಗ್ಗೆ ಯೋಚಿಸಿ, ಅದರಲ್ಲಿ ಕನ್ನಡ ಟೈಪ್ ಮಾಡುವ ಕಗಪ ಕೀಲಿಮಣೆ ಸಿಗುತ್ತದೆ. ಇನ್ನೊಂದು ಮಾತು, ಬ್ಯಾಕಪ್ ತಗೊಳ್ಳುವಾಗ ನುಡಿಯ ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಿ ಸರ್. ಯೂನಿಕೋಡ್ (ಎಲ್ಲ ಕಂಪ್ಯೂಟರಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಹಳೆ ಪ್ರಶ್ನೆಪತ್ರಿಕೆಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ದಾವಣಗೆರೆ_ಮೇಷ್ಟ್ರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪೆಂಡಿಂಗ್ ಸೆಕ್ಟರ್ ಹಳದಿಯೇ ಬಂತು. ಕಾಪಿಗೆ ಹಾಕಿದ್ದೇನೆ, ಫಾಂಟ್ ಫೋಲ್ಡರ್ ಮೊದಲೇ ಹೋಯಿತು. ಎಸ್‌ಎಸ್‌ಡಿ 256 ಜಿಬಿ ಸಾಕಾಗುತ್ತದಾ, 512 ತಗೊಳ್ಳಲಾ?

ಕರಾವಳಿ_ಟೆಕ್:
ಫೋಟೋ, ವಿಡಿಯೋ ಜಾಸ್ತಿ ಇಲ್ಲದಿದ್ದರೆ 256 ಸಾಕು ಸರ್. ಉಳಿದ ದುಡ್ಡಿಗೆ ರ‍್ಯಾಮ್ ತಗೊಳ್ಳಿ, ಆದರೆ ಅದರ ಬಗೆ ಡಿಡಿಆರ್3ಎಲ್ ಆ, ಡಿಡಿಆರ್4 ಆ ಅಂತ ಬಿಚ್ಚಿ ನೋಡಿಯೇ ತಗೊಳ್ಳಿ, ಆರನೇ ಜನರೇಷನ್‌ನಲ್ಲಿ ಎರಡೂ ಬಂದಿವೆ.