‘ಫರ್ಬಿಡನ್’ಗೆ ಎರಡನೆಯ ಅವಕಾಶ: ಅಯೋಮಿ ಕೈಯಲ್ಲಿ ಏನು ಬದಲಾದೀತು? (2024ರ ಮೇ 31ಕ್ಕೆ ಮೊದಲು ನಡೆದ ಅಭಿಮಾನಿಗಳ ಚರ್ಚೆ)

ಹಳೇಕ್ಯಾಸೆಟ್:
2024ರ ಮೇ 31ಕ್ಕೆ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸ್ಯಾಬತ್‌ನ ‘ಆನೊ ಡೊಮಿನಿ 1989–1995’ ಬಾಕ್ಸ್ ಸೆಟ್ ಬರಲಿದೆ. ಟೋನಿ ಮಾರ್ಟಿನ್ ಹಾಡಿದ ನಾಲ್ಕು ಆಲ್ಬಮ್‌ಗಳು ಅದರಲ್ಲಿವೆ: ‘ಹೆಡ್‌ಲೆಸ್ ಕ್ರಾಸ್’ (1989), ‘ಟೀರ್’ (1990), ‘ಕ್ರಾಸ್ ಪರ್ಪಸಸ್’ (1994), ‘ಫರ್ಬಿಡನ್’ (1995). ಮೊದಲ ಮೂರಕ್ಕೆ ರೀಮಾಸ್ಟರ್. ಕೊನೆಯದನ್ನು ಮಾತ್ರ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ ತಾವೇ ಕುಳಿತು ರೀಮಿಕ್ಸ್ ಮಾಡಿದ್ದಾರೆ. ಈ ಮರುಬಿಡುಗಡೆಯ ಸುದ್ದಿ ಮೊದಲು ಕಿವಿಗೆ ಬಿದ್ದದ್ದು 2016ರಲ್ಲಿ. ಆಗಿನಿಂದ ಕಾದು ಕಾದು ನನ್ನ ಕ್ಯಾಸೆಟ್‌ಗೆ ಬೂಸ್ಟು ಹಿಡಿಯಿತು. ಈ ನಾಲ್ಕೂ ಎಷ್ಟೋ ವರ್ಷಗಳಿಂದ ಅಂಗಡಿಯಲ್ಲಿ ಇರಲಿಲ್ಲ, ಸ್ಟ್ರೀಮಿಂಗ್‌ನಲ್ಲಿಯೂ ಹುಡುಕಿ ಸೋಲಬೇಕಿತ್ತು. ಯಾರು ಯಾರು ಕಾಯುತ್ತಿದ್ದೀರಿ?

ಡ್ರಮ್‌ಕೋಲು:
ನಾನು ಕಾಯುತ್ತಿರುವುದು ಒಂದೇ ಕಾರಣಕ್ಕೆ, ಡ್ರಮ್ ವಾದಕ ಕೋಜಿ ಪವೆಲ್. ‘ಫರ್ಬಿಡನ್’ನಲ್ಲಿ ಅವರ ಸ್ನೇರ್ (ಚುರುಕಾಗಿ ಸಿಡಿಯುವ ಡ್ರಮ್) ಒಣಕಲು, ಕಿಕ್‌ಗೆ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್) ಆಳವೇ ಇಲ್ಲ. ರೇನ್‌ಬೋ ಬ್ಯಾಂಡಿನ 1976ರ ‘ರೈಸಿಂಗ್’ ಕೇಳಿದವರು ಇದನ್ನೂ ಅದೇ ಮನುಷ್ಯ ನುಡಿಸಿದ್ದು ಎಂದರೆ ನಂಬುವುದಿಲ್ಲ.

ಓಜಿಭಕ್ತ:
ಸತ್ತ ಆಲ್ಬಮ್‌ಗೆ ಹೊಸ ಬಟ್ಟೆ ತೊಡಿಸುವುದೇಕೆ? ‘ಫರ್ಬಿಡನ್’ ಬ್ರಿಟನ್ನಿನ ಪಟ್ಟಿಯಲ್ಲಿ 71ನೆಯ ಸ್ಥಾನದಲ್ಲಿ ನಿಂತಿತು. ಹಾಡುಗಳೇ ದುರ್ಬಲವಾಗಿರುವಾಗ ಮಿಕ್ಸಿಂಗ್ ಮೇಜಿನ ಮೇಲೆ ತಪ್ಪು ಹೊರಿಸುವುದು ಅಭಿಮಾನಿಗಳ ಹಳೆಯ ಚಾಳಿ. ಇದರ ಮೇಲೆ ರ್‍ಯಾಪ್ ಬೇರೆ ಸೇರಿಸಿದರು.

ಹಳೇಕ್ಯಾಸೆಟ್:
ರ್‍ಯಾಪ್ ಆಲ್ಬಮ್ ಎಂದು ದೂರುವವರಲ್ಲಿ ಎಷ್ಟು ಮಂದಿ ಅದನ್ನು ಪೂರ್ತಿ ಕೇಳಿದ್ದಾರೆ? ರ್‍ಯಾಪರ್ ಐಸ್-ಟಿ ದನಿ ಇರುವುದು ಮೊದಲ ಹಾಡು ‘ದಿ ಇಲ್ಯೂಷನ್ ಆಫ್ ಪವರ್’ನಲ್ಲಿ ಮಾತ್ರ, ಅದೂ ನಡುವಿನ ಒಂದು ತುಣುಕು. ಉಳಿದ ಒಂಬತ್ತು ಹಾಡುಗಳಲ್ಲಿ ಆತ ಇಲ್ಲವೇ ಇಲ್ಲ. ಆಲ್ಬಮ್‌ಗೆ ಕೆಟ್ಟ ಹೆಸರು ತಂದದ್ದು ಆ ತುಣುಕು, ಜೊತೆಗೆ ವ್ಯಂಗ್ಯಚಿತ್ರದ ಮುಖಪುಟ.

ಶಾಲ್ಮಲಾ:
ನಿರ್ಮಾಪಕರ ವಿಷಯವನ್ನು ಬಿಟ್ಟಿರಲ್ಲ. ‘ಫರ್ಬಿಡನ್’ ನಿರ್ಮಿಸಿದವರು ಎರ್ನಿ ಸಿ, ಐಸ್-ಟಿಯ ಬಾಡಿ ಕೌಂಟ್ ಬ್ಯಾಂಡಿನ ಗಿಟಾರ್ ವಾದಕ. ಒಳ್ಳೆಯ ಗಿಟಾರ್ ವಾದಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಜಿಯಂಥ ಹಿರಿಯನಿಗೆ ಡ್ರಮ್ ಹೇಗೆ ನುಡಿಸಬೇಕೆಂದು ಹೇಳಿಕೊಡಲು ಹೋದರೆ ಸ್ಟುಡಿಯೋದ ಗಾಳಿ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಗಿಟಾರ್ ದನಿ ತಮಗೆ ಎಂದೂ ಹಿಡಿಸಿರಲಿಲ್ಲ, ಕೋಜಿಗೂ ಡ್ರಮ್ ದನಿ ಹಿಡಿಸಿರಲಿಲ್ಲ ಎಂದು ಅಯೋಮಿಯೇ ಹೇಳಿಕೊಂಡಿದ್ದಾರೆ. ಹಾಗಾಗಿ ದೂರು ಅಭಿಮಾನಿಗಳದ್ದಷ್ಟೇ ಅಲ್ಲ, ನುಡಿಸಿದವರದ್ದೇ.

ಹೊಸಕೇಳುಗ:
ಒಂದು ಸಣ್ಣ ಪ್ರಶ್ನೆ, ನಗಬೇಡಿ. ರೀಮಾಸ್ಟರ್, ರೀಮಿಕ್ಸ್ ಎರಡರ ನಡುವಿನ ವ್ಯತ್ಯಾಸವೇನು? ನನಗೆ ಎರಡೂ ‘ಸ್ವಲ್ಪ ಜೋರಾಗಿ ಕೇಳುವ ಹೊಸ ಸಿಡಿ’ಯೇ.

ಶಾಲ್ಮಲಾ:
ನಗುವಂಥದ್ದೇನಿಲ್ಲ. ಸಿಡಿ ಕಂಪನಿಗಳೇ ಎರಡನ್ನೂ ಕಲಸಿ ಮಾರಿವೆ.

ಹಾಡು ಧ್ವನಿಮುದ್ರಣವಾಗುವಾಗ ಪ್ರತಿಯೊಂದು ವಾದ್ಯಕ್ಕೂ ಬೇರೆ ಬೇರೆ ಟ್ರ್ಯಾಕ್ ಇರುತ್ತದೆ. ಡ್ರಮ್ ಒಂದಕ್ಕೇ ಕಿಕ್, ಸ್ನೇರ್, ಟಾಮ್‌ಗಳು, ಮೇಲಿನ ಮೈಕ್‌ಗಳು, ಕೋಣೆಯ ಮೈಕ್‌ಗಳು ಎಂದು ಹತ್ತಾರು. ಇವೆಲ್ಲವನ್ನೂ ತೂಗಿ ಎಡ, ಬಲ ಎಂಬ ಎರಡು ಚಾನೆಲ್‌ಗೆ ಇಳಿಸುವುದು ಮಿಕ್ಸ್. ಹಾಗೆ ಇಳಿದ ಮೇಲೆ ಒಟ್ಟು ದನಿಯ ಗಟ್ಟಿತನ, ಸ್ವರಗಳ ತೂಕ, ಹಾಡಿನಿಂದ ಹಾಡಿಗೆ ಹೊಂದಾಣಿಕೆ ನೋಡುವುದು ಮಾಸ್ಟರಿಂಗ್. ರೀಮಾಸ್ಟರ್ ಮಾಡುವವರು ಸ್ನೇರ್ ಒಂದನ್ನೇ ಎತ್ತಲಾರರು. ಅದನ್ನು ಎತ್ತಿದರೆ ಅದೇ ಸ್ವರದಲ್ಲಿರುವ ಗಿಟಾರೂ ಗಾಯನವೂ ಜೊತೆಗೆ ಏಳುತ್ತವೆ. ರೀಮಿಕ್ಸ್‌ನಲ್ಲಿ ಮೂಲ ಟ್ರ್ಯಾಕ್‌ಗಳಿಗೇ ಮರಳಿ ಹೋಗುವುದರಿಂದ ಎಲ್ಲವನ್ನೂ ಹೊಸದಾಗಿ ತೂಗಬಹುದು.

ಅದಕ್ಕೂ ಮಿತಿಯಿದೆ. ಮುದ್ರಿಸುವಾಗಲೇ ಟೇಪಿಗೆ ಹೋದ ರಿವರ್ಬ್ (ಮಾರ್ದನಿ) ಅಥವಾ ಕಂಪ್ರೆಷನ್ (ಜೋರು, ಮೆಲ್ಲನೆಯ ದನಿಗಳ ಅಂತರ ತಗ್ಗಿಸುವುದು) ಅನ್ನು ಹಿಂದಕ್ಕೆ ತೆಗೆಯುವುದು ಬಹಳ ಕಷ್ಟ. ನುಡಿಸದೇ ಇದ್ದದ್ದನ್ನು ನುಡಿಸಿದಂತೆ ಮಾಡಲು ಆಗುವುದಿಲ್ಲ. ಹಾಡೇ ಸೊರಗಿದ್ದರೆ, ಓಜಿಭಕ್ತರು ಹೇಳುವಂತೆ, ಮಿಕ್ಸ್ ಏನೂ ಮಾಡದು. ‘ಗೆಟ್ ಎ ಗ್ರಿಪ್’ ಯಾವ ಮಿಕ್ಸ್‌ನಲ್ಲಿಯೂ ನನಗೆ ರುಚಿಸುವುದಿಲ್ಲ.

ಓಜಿಭಕ್ತ:
ನೋಡಿ, ಇದನ್ನೇ ನಾನೂ ಹೇಳಿದ್ದು.

ಡ್ರಮ್‌ಕೋಲು:
ಒಂದು ಹಾಡು ಹಿಡಿದು ಇಡೀ ಆಲ್ಬಮ್ ತಳ್ಳಿಬಿಡುವಿರಾ? ‘ಕಿಸ್ ಆಫ್ ಡೆತ್’ ಕೇಳಿ. ‘ರಸ್ಟಿ ಏಂಜಲ್ಸ್’ ಕೇಳಿ. ಕೋಜಿ ಮತ್ತು ಬೇಸ್ ವಾದಕ ನೀಲ್ ಮರ್ರಿ ಸ್ಯಾಬತ್‌ಗೆ ಬರುವ ಮೊದಲೇ ವೈಟ್‌ಸ್ನೇಕ್‌ನಲ್ಲಿ ಒಟ್ಟಿಗೆ ನುಡಿಸಿ ಪಳಗಿದ ಜೋಡಿ. ಹಾಗಿದ್ದೂ ಈ ಆಲ್ಬಮ್‌ನಲ್ಲಿ ಇಬ್ಬರೂ ಪಕ್ಕದ ಮನೆಯಲ್ಲಿ ಕುಳಿತು ನುಡಿಸಿದಂತೆ ಕೇಳುತ್ತದೆ. ಕೋಜಿ 1998ರ ಏಪ್ರಿಲ್‌ನಲ್ಲಿ ಬ್ರಿಸ್ಟಲ್ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು. ಸ್ಯಾಬತ್ ಜೊತೆ ಅವರು ಮುದ್ರಿಸಿದ ಕೊನೆಯ ಸ್ಟುಡಿಯೋ ಆಲ್ಬಮ್ ಇದು. ಅದನ್ನು ಕಿವಿಗೆ ಸರಿಯಾಗಿ ಬೀಳುವಂತೆ ಮಾಡುವುದಕ್ಕೆ ಬೇರೆ ಕಾರಣ ಬೇಕೇ?

ಓಜಿಭಕ್ತ:
ಕೋಜಿ ಬಗ್ಗೆ ನನಗೂ ಗೌರವವಿದೆ. ನನ್ನ ತಕರಾರು ಬೇರೆ. ಆಲ್ಬಮ್ ಬಂದದ್ದು 1995ರಲ್ಲಿ, ಆ ಕಾಲದ ಗೊಂದಲ ಹೊತ್ತು. ಮೂವತ್ತು ವರ್ಷ ಕಳೆದ ಮೇಲೆ ಒಬ್ಬರೇ ಕುಳಿತು ತಮ್ಮ ಗಿಟಾರ್ ದಪ್ಪ ಮಾಡಿಕೊಂಡರೆ ಅದು ಬ್ಯಾಂಡಿನ ಆಲ್ಬಮ್ ಆಗಿ ಉಳಿಯುತ್ತದೆಯೇ? ನನ್ನ ಹೆಸರಿನಲ್ಲಿರುವವರ ಉದಾಹರಣೆಯನ್ನೇ ಕೊಡುತ್ತೇನೆ. 2002ರಲ್ಲಿ ಸ್ಯಾಬತ್‌ನ ಮೊದಲ ಗಾಯಕ ಓಜಿ ಆಸ್ಬರ್ನ್ ಸ್ವಂತ ಹೆಸರಿನಲ್ಲಿ ಮಾಡಿದ ಮೊದಲ ಎರಡು ಆಲ್ಬಮ್‌ಗಳು ಮತ್ತೆ ಬಂದಾಗ ಬಾಬ್ ಡೇಸ್ಲಿಯ ಬೇಸ್, ಲೀ ಕರ್ಸ್ಲೇಕ್‌ನ ಡ್ರಮ್ ಎರಡನ್ನೂ ಅಳಿಸಿ ರಾಬರ್ಟ್ ಟ್ರುಹಿಯೊ, ಮೈಕ್ ಬೋರ್ಡಿನ್ ಅವರಿಂದ ಹೊಸದಾಗಿ ನುಡಿಸಿ ಸೇರಿಸಿದರು. ಹಿಂದೆ ಹಣದ ಜಗಳವಿತ್ತು. ಅಭಿಮಾನಿಗಳ ಕೋಪ ಆರಲೇ ಇಲ್ಲ, 2011ರಲ್ಲಿ ಮೂಲವನ್ನೇ ಮತ್ತೆ ಬಿಡುಗಡೆ ಮಾಡಬೇಕಾಯಿತು. ಓಜಿಯ ಭಕ್ತನಾಗಿದ್ದರೂ ಆ ಸಿಡಿ ನಮ್ಮ ಮನೆಯಲ್ಲಿಲ್ಲ.

ರೆಡಿಚ್‌ರಾಯ:
ಓಜಿಭಕ್ತರೇ, ನಿಮ್ಮ ಉದಾಹರಣೆ ಸರಿ, ಆದರೆ ಅದು ಈ ಕಥೆಗೆ ವಿರುದ್ಧ ದಿಕ್ಕಿನದು. ಅಲ್ಲಿ ಡ್ರಮ್ ವಾದಕನನ್ನು ಅಳಿಸಿದರು. ಇಲ್ಲಿ ಡ್ರಮ್ ವಾದಕನನ್ನು ಮುಂದಕ್ಕೆ ತರುತ್ತಿದ್ದಾರೆ.

ನಾನಿರುವುದು ಬರ್ಮಿಂಗ್‌ಹ್ಯಾಮ್‌ನ ದಕ್ಷಿಣಕ್ಕೆ. ಹೆಡ್‌ಲೆಸ್ ಕ್ರಾಸ್ ಎಂಬುದು ಕಲ್ಪನೆಯ ಹೆಸರೆಂದು ತಿಳಿದವರಿದ್ದಾರೆ. ಅಲ್ಲ, ಅದು ರೆಡಿಚ್ ಪಟ್ಟಣದ ಒಂದು ಭಾಗ. ಬೋರ್ಡು ನೋಡಿದರೆ ಮೈ ಜುಮ್ಮೆನ್ನುವಂಥದ್ದೇನೂ ಇಲ್ಲ, ಸಾಮಾನ್ಯ ಬಡಾವಣೆ. ಮಾರ್ಟಿನ್ ಆ ಹೆಸರನ್ನು ಹಿಡಿದು ಪ್ಲೇಗ್ ಮಾರಿ ಊರನ್ನೇ ನುಂಗಿದ ಹಾಡು ಬರೆದರು. ಆ ಆಲ್ಬಮ್‌ನ ‘ವೆನ್ ಡೆತ್ ಕಾಲ್ಸ್’ನಲ್ಲಿ ಕ್ವೀನ್ ಬ್ಯಾಂಡಿನ ಬ್ರಯನ್ ಮೇ ಅತಿಥಿಯಾಗಿ ಗಿಟಾರ್ ನುಡಿಸಿದ್ದಾರೆ ಎಂಬುದು ಇಲ್ಲಿಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹೊಸಕೇಳುಗ:
ಹಾಗಾದರೆ ಟೋನಿ ಮಾರ್ಟಿನ್ ಯಾರು ಎಂಬುದೂ ಗೊತ್ತಿಲ್ಲದ ನಾನು ಒಬ್ಬಂಟಿಯಲ್ಲ. ಸ್ಯಾಬತ್ ಎಂದರೆ ಓಜಿ, ಹೆಚ್ಚೆಂದರೆ ಡಿಯೋ ಎಂದಷ್ಟೇ ಕೇಳಿದ್ದೆ.

ಹಳೇಕ್ಯಾಸೆಟ್:
ಎಲ್ಲರೂ ಅಷ್ಟೇ ಕೇಳಿರುವುದು. ಲೆಕ್ಕ ನೋಡಿ: 1987ರ ‘ದಿ ಎಟರ್ನಲ್ ಐಡಲ್’ ಸೇರಿಸಿದರೆ ಮಾರ್ಟಿನ್ ಹಾಡಿದ್ದು ಐದು ಸ್ಟುಡಿಯೋ ಆಲ್ಬಮ್. ಸ್ಯಾಬತ್ ಹೆಸರಿನಲ್ಲಿ ಡಿಯೋ ಹಾಡಿದ್ದು ಮೂರು. ಓಜಿಯನ್ನು ಬಿಟ್ಟರೆ ಮಾರ್ಟಿನ್‌ಗಿಂತ ಹೆಚ್ಚು ಹಾಡಿದವರೇ ಇಲ್ಲ. ಆದರೂ 1992ರ ‘ಡಿಹ್ಯೂಮನೈಸರ್’ಗೆ ಡಿಯೋ ಬೇಕೆಂದಾಗ ಇವರನ್ನು ಬದಿಗೆ ಸರಿಸಿದರು, ಡಿಯೋ ಹೋದ ಮೇಲೆ ಮತ್ತೆ ಕರೆದರು, 1997ರಲ್ಲಿ ಓಜಿ ಮರಳಿದಾಗ ಇವರ ಹೆಸರು ಬ್ಯಾಂಡಿನ ಕಥೆಯಿಂದಲೇ ಜಾರಿಹೋಯಿತು. ಯಕ್ಷಗಾನ ಮೇಳದಲ್ಲಿ ಭಾಗವತರು ಬದಲಾದರೂ ಮೇಳದ ಹೆಸರು ಹಾಗೇ ಇರುವುದಿಲ್ಲವೇ? ಅಯೋಮಿ ಇದ್ದರೆ ಅದು ಸ್ಯಾಬತ್ತೇ.

ಓಜಿಭಕ್ತ:
ಹೆಸರು ಹಾಗೇ ಇರುತ್ತದೆ ಸರ್, ಆಟ ಬೇರೆಯಾಗುತ್ತದೆ. ಭಾಗವತರು ಬದಲಾದ ರಾತ್ರಿ ನಾನು ನಡುವಿನಲ್ಲಿಯೇ ಎದ್ದು ಬಂದದ್ದಿದೆ.

ಹಳೇಕ್ಯಾಸೆಟ್:
ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ಎದ್ದು ಬಂದವರು ಬೆಳಗಿನ ಜಾವದ ಪದ್ಯ ಹೇಗಿತ್ತು ಎಂದು ತೀರ್ಪು ಕೊಡಬಾರದು.

ಡ್ರಮ್‌ಕೋಲು:
ನನ್ನದೊಂದು ಬೇಸರ. ರೀಮಿಕ್ಸ್ ನಿಜವಾಗಿ ಬೇಕಿದ್ದದ್ದು ‘ಟೀರ್’ಗೆ. ‘ಫರ್ಬಿಡನ್’ನಲ್ಲಿ ಡ್ರಮ್ ಸತ್ತಿದೆ, ‘ಟೀರ್’ನಲ್ಲಿ ಡ್ರಮ್ ಉಳಿದೆಲ್ಲವನ್ನೂ ಸಾಯಿಸಿದೆ. ಡ್ರಮ್ ನುಡಿಸುವ ನಾನೇ ಹೀಗೆ ಹೇಳಬೇಕಾದರೆ ನೋಡಿ. ‘ಆನೊ ಮುಂಡಿ’ಯಲ್ಲಿ ನೀಲ್ ಮರ್ರಿ ಏನು ನುಡಿಸುತ್ತಿದ್ದಾರೆ ಎಂದು ಹೆಡ್‌ಫೋನ್ ಹಾಕಿಕೊಂಡು ಹುಡುಕಬೇಕು.

ಶಾಲ್ಮಲಾ:
ಒಪ್ಪುವುದಿಲ್ಲ. ‘ಟೀರ್’ನ ಆ ದೊಡ್ಡ ದನಿ ಬೇಕೆಂದೇ ಮಾಡಿದ್ದು. ಅದರ ನಿರ್ಮಾಪಕರು ಅಯೋಮಿ ಮತ್ತು ಕೋಜಿಯೇ. ‘ದಿ ಬ್ಯಾಟಲ್ ಆಫ್ ಟೀರ್’, ‘ಓಡಿನ್ಸ್ ಕೋರ್ಟ್’, ‘ವಲ್ಹಾಲಾ’ ಮೂರೂ ಒಂದಕ್ಕೊಂದು ಅಂಟಿಕೊಂಡು ಸಾಗುವ ನಾರ್ಸ್ ಪುರಾಣದ ಹಾಡುಗಳು. ಅಲ್ಲಿ ಡ್ರಮ್ ಗುಡುಗಬೇಕು, ಜೆಫ್ ನಿಕೋಲ್ಸ್‌ರ ಕೀಬೋರ್ಡ್ ಹಿಂದಿನಿಂದ ಮೋಡದಂತೆ ಬರಬೇಕು. ಬೇಸ್ ಕೇಳದಿರುವುದು ದೋಷವೇ, ಆದರೆ ಅದಕ್ಕಾಗಿ ಎಲ್ಲವನ್ನೂ ಬಿಚ್ಚಿ ಕಟ್ಟಿದರೆ ಆ ಗುಂಗು ಉಳಿದೀತು ಎಂಬ ಭರವಸೆ ನನಗಿಲ್ಲ. ‘ಫರ್ಬಿಡನ್’ನಲ್ಲಿ ಕಳೆದುಕೊಳ್ಳಲು ಅಂಥ ಗುಂಗೇ ಇರಲಿಲ್ಲ, ಆದ್ದರಿಂದ ಅಲ್ಲಿ ಧೈರ್ಯವಾಗಿ ಕೈ ಹಾಕಬಹುದು.

ಡ್ರಮ್‌ಕೋಲು:
ಮೂಲವೂ ಸಿಗಲಿ, ರೀಮಿಕ್ಸೂ ಸಿಗಲಿ. ಯಾರು ಬೇಡವೆಂದರು? ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಕೇಳುವವರೇ ತೀರ್ಮಾನಿಸುತ್ತಾರೆ.

ಶಾಲ್ಮಲಾ:
ಇದಕ್ಕೆ ಮಾತ್ರ ಪೂರ್ಣ ಸಹಮತ. ‘ಫರ್ಬಿಡನ್’ನ 1995ರ ಮಿಕ್ಸ್ ಕೂಡ ದಾಖಲೆಯೇ. ಅದನ್ನು ಅಟ್ಟಕ್ಕೆ ಹಾಕಿಬಿಟ್ಟರೆ ಮುಂದಿನವರಿಗೆ ಈ ಜಗಳ ಯಾಕೆ ನಡೆಯಿತು ಎಂದೇ ತಿಳಿಯುವುದಿಲ್ಲ. ಓಜಿಭಕ್ತರ ತಕರಾರಿನಲ್ಲಿ ಗಟ್ಟಿಯಾದ ಭಾಗ ಅದು ಎನ್ನಿಸುತ್ತದೆ. ಹಳೆಯ ಸಿಡಿ ಇರುವವರು ಮಾರಬೇಡಿ.

ಹೊಸಕೇಳುಗ:
‘ದಿ ಎಟರ್ನಲ್ ಐಡಲ್’ ಯಾಕೆ ಈ ಬಾಕ್ಸ್‌ನಲ್ಲಿ ಇಲ್ಲ? ಅದೂ ಮಾರ್ಟಿನ್‌ದೇ ಎಂದಿರಿ.

ರೆಡಿಚ್‌ರಾಯ:
ಅದು ಹಳೆಯ ಕಂಪನಿ ವರ್ಟಿಗೊ ಮೂಲಕ ಬಂದದ್ದು, ಈ ನಾಲ್ಕು ಐ.ಆರ್.ಎಸ್. ಕಂಪನಿಯ ಕಾಲದವು. ಅದಕ್ಕೆ 2010ರಲ್ಲಿಯೇ ಎರಡು ಸಿಡಿಗಳ ಆವೃತ್ತಿ ಬಂದಿದೆ, ಮಾರ್ಟಿನ್‌ಗಿಂತ ಮೊದಲು ಅದೇ ಹಾಡುಗಳನ್ನು ಹಾಡಿದ್ದ ರೇ ಗಿಲ್ಲನ್ ದನಿಯೂ ಅದರಲ್ಲಿದೆ. ಸಿಕ್ಕರೆ ಬಿಡಬೇಡಿ. ನೀವು ಹೊಸಬರಾದರೆ ಮೊದಲು ‘ಹೆಡ್‌ಲೆಸ್ ಕ್ರಾಸ್’, ಆಮೇಲೆ ‘ಕ್ರಾಸ್ ಪರ್ಪಸಸ್’. ಎರಡನೆಯದರಲ್ಲಿ ಬೇಸ್ ಓಜಿ ಕಾಲದ ಮೂಲ ಸದಸ್ಯ ಗೀಜರ್ ಬಟ್ಲರ್‌ರದ್ದು, ಓಜಿಭಕ್ತರೂ ದೂರಲಾರರು.

ಓಜಿಭಕ್ತ:
ಗೀಜರ್ ಇರುವ ಆಲ್ಬಮ್ ದೂರುವುದಿಲ್ಲ. ‘ಕ್ರಾಸ್ ಆಫ್ ಥಾರ್ನ್ಸ್’ ಒಳ್ಳೆಯ ಹಾಡು. ಹಾಗೆಂದು ನಾಲ್ಕನ್ನೂ ಕೊಳ್ಳುವುದಿಲ್ಲ. ಸ್ಟ್ರೀಮಿಂಗ್‌ಗೆ ಬಂದರೆ ‘ಕಿಸ್ ಆಫ್ ಡೆತ್’ ಎರಡೂ ಮಿಕ್ಸ್‌ನಲ್ಲಿ ಕೇಳಿ ಬಂದು ಇಲ್ಲಿಯೇ ಬರೆಯುತ್ತೇನೆ. ಡ್ರಮ್‌ಕೋಲು ಅವರು ಸಿದ್ಧವಾಗಿರಲಿ.

ಡ್ರಮ್‌ಕೋಲು:
ಒಳ್ಳೆಯ ಸ್ಪೀಕರ್‌ನಲ್ಲಿ ಕೇಳಿ. ಮೊಬೈಲ್‌ನಲ್ಲಿ ಕೇಳಿ ಬಂದು ಕಿಕ್ ಇಲ್ಲ ಎಂದರೆ ಒಪ್ಪುವುದಿಲ್ಲ.

ರೆಡಿಚ್‌ರಾಯ:
ಜೂನ್‌ನಲ್ಲಿ ಬೆಂಗಳೂರಿಗೆ ಬರುತ್ತಿದ್ದೇನೆ. ಸಿಡಿ ಸೆಟ್ ಎರಡು ತರಬಲ್ಲೆ. ಎಲ್‌ಪಿ ಕೇಳಬೇಡಿ, ಸೂಟ್‌ಕೇಸ್‌ನ ತೂಕ ಹೆಂಡತಿಯ ಕೈಯಲ್ಲಿದೆ. ಸಿಡಿಯಲ್ಲಿ ‘ಕ್ಲೋಕ್ ಅಂಡ್ ಡ್ಯಾಗರ್’ ಸೇರಿದಂತೆ ಮೂರು ಹೆಚ್ಚಿನ ಹಾಡುಗಳಿವೆ, ಹಾಗಾಗಿ ನಷ್ಟವೇನಿಲ್ಲ.

ಹಳೇಕ್ಯಾಸೆಟ್:
ಒಂದು ನನಗೆ. ಹಣ ಮೊದಲೇ ಕಳುಹಿಸುತ್ತೇನೆ. ಇನ್ನೊಂದನ್ನು ಡ್ರಮ್‌ಕೋಲು, ಶಾಲ್ಮಲಾ ಇಬ್ಬರೂ ಸೇರಿ ಇತ್ಯರ್ಥ ಮಾಡಿಕೊಳ್ಳಿ. ‘ಟೀರ್’ ಜಗಳ ಮುಗಿದ ಮೇಲೆ.