ಸಹಾಯ ಬೇಕು: ಎಚ್-1ಬಿ ಕೆಲಸ ಹೋದರೆ 60 ದಿನ ಯಾವತ್ತಿಂದ ಲೆಕ್ಕ?

ಎಲ್ಲರಿಗೂ ನಮಸ್ಕಾರ. ಅಕ್ಕ-ಭಾವ ಅಮೆರಿಕದಲ್ಲಿದ್ದಾರೆ, ಇಬ್ಬರದ್ದೂ ಬೇರೆ ಬೇರೆ ಎಚ್-1ಬಿ (ಅಲ್ಲಿನ ಕಂಪನಿ ಮೂಲಕ ಸಿಗೋ ಕೆಲಸದ ವೀಸಾ). ಭಾವನ ಕೆಲಸ ಹೋಗಿದೆ, ಅಕ್ಕನದ್ದು ಇದೆ. ಭಾವ 60 ದಿನದೊಳಗೆ (ಐ-94, ಅಂದ್ರೆ ಅಲ್ಲಿರೋಕೆ ಕೊಟ್ಟ ಅವಧಿ, ಮೊದಲೇ ಮುಗಿದರೆ ಅಷ್ಟರೊಳಗೆ) ಹೊಸ ಕಂಪನಿಯಿಂದ ಪಿಟಿಷನ್ ಹಾಕಿಸಬೇಕು, ಇಲ್ಲಾಂದ್ರೆ ಐ-539 ಅರ್ಜಿ ಹಾಕಿ ಎಚ್-4ಗೆ (ಎಚ್-1ಬಿ ಇರೋರ ಗಂಡ/ಹೆಂಡತಿಗೆ ಸಿಗೋದು) ಬದಲಾಗಬೇಕು.

ಅಕ್ಕನ ಐ-797 (ಎಚ್-1ಬಿ ಮಂಜೂರಾದ ಪತ್ರ), ಪೇ ಸ್ಲಿಪ್ ರೆಡಿ. ಮದುವೆ ಸರ್ಟಿಫಿಕೇಟನ್ನ ಇಲ್ಲಿ ಜಯನಗರದ ಸಬ್ ರಿಜಿಸ್ಟ್ರಾರ್ ಆಫೀಸಿಂದ ತೆಗೆಸಿ ಕಳಿಸಿದ್ದೀವಿ. ಅರ್ಜಿ ಪೆಂಡಿಂಗ್ ಇರುವಾಗ ಬೆಂಗಳೂರಿಗೆ ಬಂದರೆ ಅದನ್ನ ಕೈಬಿಟ್ಟ ಹಾಗೆ ಲೆಕ್ಕ, ಆಮೇಲೆ ಎಚ್-4 ಸ್ಟ್ಯಾಂಪಿಂಗ್ (ಪಾಸ್‌ಪೋರ್ಟಲ್ಲಿ ವೀಸಾ) ಮಾಡಿಸ್ಕೊಂಡೇ ಹೋಗಬೇಕು. ಹಾಗಾಗಿ "ಒಂದ್ಸಲ ಬಂದು ಹೋಗ್ಲಿ" ಅನ್ನೋ ಅಮ್ಮನ ಮಾತು ಸದ್ಯಕ್ಕೆ ಬೇಡ.

ಸಿಕ್ಕಿಹಾಕ್ಕೊಂಡಿರೋದು ಇಲ್ಲಿ. ಸೆವರೆನ್ಸ್ ಹಣ (ಕೆಲಸದಿಂದ ತೆಗೆದಾಗ ಕೊಡೋ ಪರಿಹಾರ) ಬಂದ ಮಾತ್ರಕ್ಕೆ 60 ದಿನ ಮುಂದೆ ಹೋಗಲ್ಲ, ಅದು ಗೊತ್ತು. ಆದರೆ ಕಂಪನಿ ಲ್ಯಾಪ್‌ಟಾಪ್, ಬ್ಯಾಡ್ಜ್ ವಾಪಸ್ ತಗೊಂಡ ಮೇಲೂ ನೋಟಿಸ್ ಅವಧಿ ಅಂತ ಪೇರೋಲ್‌ನಲ್ಲೇ ಇಟ್ಟು ಮಾಮೂಲಿ ಸಂಬಳ ಹಾಕ್ತಿದೆ. ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಸಾಮಾನ್ಯವಾಗಿ ಸಂಬಳ ಸಂದ ಕೊನೇ ದಿನ ನೋಡುತ್ತೆ. ಲಾಯರ್ ಮಾತ್ರ, ಕೆಲಸ ಮಾಡಿದ ಕೊನೇ ದಿನದಿಂದಲೇ ಎಣಿಸಿ, ರಿಸ್ಕ್ ಬೇಡ ಅಂತಾರೆ.

ಹೀಗೆ ಕೆಲಸವಿಲ್ಲದೆ ಪೇರೋಲ್‌ನಲ್ಲಿದ್ದು, ಪೇರೋಲ್ ಮುಗಿದ ದಿನದಿಂದ ಎಣಿಸಿ ಐ-539 ಹಾಕಿದವರು ಯಾರಾದ್ರೂ ಇದ್ದೀರಾ? ಅಪ್ರೂವ್ ಆಯ್ತಾ, ಇಲ್ಲಾ ಹೆಚ್ಚಿನ ದಾಖಲೆ ಕೇಳಿದ್ರಾ? ಎಚ್‌ಆರ್ ಪತ್ರದಲ್ಲಿ ಯಾವ ತಾರೀಖು ಬರೆಸಿದ್ರಿ?