‘ಅಡ್ಡಿ ಇಲ್ರಿ’ ಅಂದರೆ ಎಷ್ಟು ಅಂಕ? ಸಪ್ತಾಪುರದ ರೂಮುಗಳಲ್ಲಿ ಸಮೀಕ್ಷೆ ಮಾಡುವವರಿಗೆ

ಕೇಳಿದವರು: ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಮೇಲೆ ನನ್ನ ಪ್ರಬಂಧ. ಓದಿ ಓದಿ ಬರುವ ದಣಿವು ಎಷ್ಟು, ಇರುವ ರೂಮು ಅವರಿಗೆ ಹಿಡಿಸಿದೆಯಾ, ಎರಡಕ್ಕೂ ಸಂಬಂಧ ಇದೆಯಾ ಅಂತ ನೋಡಬೇಕು. ಗೈಡ್ 384 ಜನರನ್ನು ಕೇಳು ಅಂದಿದ್ದಾರೆ. ಮೂರು ತಿಂಗಳಿದೆ. ಗೂಗಲ್ ಫಾರ್ಮ್ ಕಳಿಸಿದರೆ ಸಾಕಾ? ಇಂಥ ಕೆಲಸ ಮಾಡಿದವರು ದಯವಿಟ್ಟು ಅನುಭವ ಹೇಳಿ.

ಉತ್ತರ: ಪಿಎಚ್‌ಡಿಗೆ ಇಂಥದ್ದೇ ಸಮೀಕ್ಷೆ ಮಾಡಿದವರು, ಧಾರವಾಡ

ಮೊದಲು ಆ 384ರ ಮಾತು. ನೂರರಲ್ಲಿ 95 ಸಲ ಉತ್ತರ ಆಚೀಚೆ ಶೇ. 5ರೊಳಗೆ ಇರಬೇಕು ಅಂತಾದರೆ ಬರುವ ಲೆಕ್ಕ ಅದು. ಆದರೆ ಎಲ್ಲರ ಪಟ್ಟಿ ಇಟ್ಟುಕೊಂಡು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ ಮಾತ್ರ ಅದಕ್ಕೆ ಬೆಲೆ. ಗೆಳತಿಯರ ಗುಂಪಿಗೆ ಲಿಂಕ್ ಹಾಕಿ 384 ತುಂಬಿಸಿದರೆ ಸಿಗುವುದು ನಿಮ್ಮ ಗೆಳತಿಯರ ಸುದ್ದಿ. ಗೂಗಲ್ ಫಾರ್ಮ್ ತುಂಬಲು ಪುರುಸೊತ್ತು ಇರುವವರು ಕಡಿಮೆ ದಣಿದವರೇ ಅಲ್ವಾ? ಎರಡು ವಾರ ಓಣಿ ಓಣಿ ತಿರುಗಿ ರೂಮು ಬಾಡಿಗೆಗೆ ಕೊಡುವ ಮನೆಗಳ ಪಟ್ಟಿ ಮಾಡಿ, ಅದರಿಂದ ಚೀಟಿ ಎತ್ತಿ. ನಾನು ಹಾಗೇ ಮಾಡಿದೆ. ಕಾಲು ನೋವು ಬಂತು, ಆದರೆ ವೈವಾದಲ್ಲಿ ಯಾರೂ ಅದನ್ನು ಪ್ರಶ್ನೆ ಮಾಡಲಿಲ್ಲ.

ಇನ್ನು ಪ್ರಶ್ನೆಪಟ್ಟಿ. ದಣಿವು ಅಳೆಯಲು ಮಾಸ್ಲಾಕ್ ಅವರ ಅಳತೆಪಟ್ಟಿ ಇದೆ, 1981ರದ್ದು. ವಿದ್ಯಾರ್ಥಿಗಳಿಗೆ ಅಂತಲೇ ಅದರದೊಂದು ರೂಪ 2002ರಲ್ಲಿ ಬಂತು. ಚೆನ್ನಾಗಿದೆ, ಆದರೆ ಬಳಸಲು ದುಡ್ಡು ಕೊಟ್ಟು ಪರವಾನಗಿ ತಗೋಬೇಕು. ನಾನು 2005ರ ಕೋಪನ್‌ಹೇಗನ್ ಪಟ್ಟಿ ಬಳಸಿದೆ, ಅದು ಉಚಿತ. ಅದರಲ್ಲಿ ವೈಯಕ್ತಿಕ ದಣಿವಿನ ಆರು ಪ್ರಶ್ನೆಗಳಿವೆ. ‘ಯಾವಾಗಲೂ’ ಅಂದರೆ 100, ‘ಎಂದೂ ಇಲ್ಲ’ ಅಂದರೆ 0, ನಡುವೆ 25ರ ಮೆಟ್ಟಿಲು. ಆರರ ಸರಾಸರಿ ತೆಗೆದರೆ ಆಯಿತು.

ನಾನು ಎಡವಿದ್ದು ಅನುವಾದದಲ್ಲಿ. ‘ಭಾವನಾತ್ಮಕ ಬಳಲಿಕೆ ಉಂಟಾಗುತ್ತದೆಯೇ?’ ಅಂತ ಬರೆದುಕೊಂಡು ಹೋದೆ. ರೋಣದ ಕಡೆಯ ಹುಡುಗನೊಬ್ಬ ಪೆನ್ನು ಕೆಳಗಿಟ್ಟು, “ಹಂಗಂದ್ರ ಏನ್ರಿ ಮೇಡಂ?” ಅಂದ. ‘ಮನಸ್ಸು ದಣಿದು ಹೋಗಿದೆ ಅನಿಸುತ್ತಾ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ‘ಯಾವಾಗಲೂ’ ಮೇಲೆ ಗುರುತು ಹಾಕಿದ. ಆ ರಾತ್ರಿಯೇ ಪಟ್ಟಿ ಪೂರ್ತಿ ತಿದ್ದಿದೆ. ಮೂಲ ಪಟ್ಟಿ ನೋಡಿರದ ಒಬ್ಬರಿಂದ ಕನ್ನಡದಿಂದ ವಾಪಸ್ ಇಂಗ್ಲಿಷಿಗೆ ಬರೆಸಿ, ಅರ್ಥ ತಾಳೆ ನೋಡಿದೆ. ನೀವೂ ಮೊದಲು ಇಪ್ಪತ್ತು ಮೂವತ್ತು ಜನರ ಹತ್ತಿರ ಪರೀಕ್ಷೆ ಮಾಡಿ, ಕ್ರಾನ್‌ಬಾಕ್ ಆಲ್ಫಾ ನೋಡಿ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಅಂಕಿ ಅದು. 0.7ಕ್ಕಿಂತ ಕಡಿಮೆ ಬಂದರೆ ಯಾವ ಪ್ರಶ್ನೆ ಹೊಂದುತ್ತಿಲ್ಲ ಅಂತ ಹುಡುಕಿ.

ರೂಮಿನ ಪ್ರಶ್ನೆ ಇನ್ನೂ ಕಷ್ಟ. “ರೂಮು ಹೆಂಗೈತಿ?” ಅಂದರೆ ಹತ್ತರಲ್ಲಿ ಎಂಟು ಜನ “ಅಡ್ಡಿ ಇಲ್ರಿ” ಅನ್ನುತ್ತಾರೆ. ನಮ್ಮ ಕಡೆ ‘ಅಡ್ಡಿ ಇಲ್ಲ’ ಅಂದರೆ ಚಲೋ ಐತಿ ಅಂತಲೂ ಹೌದು, ಹೆಂಗೋ ತಡಕೊಂಡು ಇದ್ದೇನೆ ಅಂತಲೂ ಹೌದು. ಐದರ ಅಳತೆಯಲ್ಲಿ ಅದು ಮೂರಾ, ನಾಲ್ಕಾ? ಮೊದಲ ಕೆಲವು ಮನೆಗಳಲ್ಲಿ ಮಾಲೀಕರು ಬಾಗಿಲಲ್ಲೇ ನಿಂತಿದ್ದರು, ಅಲ್ಲೆಲ್ಲ ಎಲ್ಲರೂ ನಾಲ್ಕಕ್ಕೇ ಗುರುತು ಹಾಕಿದ್ದರು! ಆ ಹಾಳೆಗಳನ್ನು ಪಕ್ಕಕ್ಕಿಟ್ಟೆ. ಆಮೇಲೆ ಬಿಡಿಸಿ ಕೇಳತೊಡಗಿದೆ: ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಒಂದು ಶೌಚಾಲಯಕ್ಕೆ ಎಷ್ಟು ಜನ, ಕಿಟಕಿ ಇದೆಯಾ, ರಾತ್ರಿ ಎಷ್ಟು ಗಂಟೆಗೆ ಗೇಟು ಹಾಕುತ್ತಾರೆ. ತೃಪ್ತಿಯ ಪ್ರಶ್ನೆ ಕೊನೆಗೆ. ಎಂಟು ದಿನಕ್ಕೊಮ್ಮೆ ನೀರು ಬರುವ ರೂಮಿನವರೂ ತೃಪ್ತಿ ಅಂದರು. ಮನುಷ್ಯ ಹೊಂದಿಕೊಂಡುಬಿಡುತ್ತಾನೆ. ಅದಕ್ಕೇ ತೃಪ್ತಿಯ ಜೊತೆ ಸೌಕರ್ಯವನ್ನೂ ಬೇರೆಯಾಗಿ ಅಳೆಯಿರಿ.

ಉತ್ತರ: ಸಂಖ್ಯಾಶಾಸ್ತ್ರ ಕಲಿಸುವವರು, ಗದಗ

ಒಂದೇ ಮನೆಯಲ್ಲಿ ಹನ್ನೆರಡು ಹುಡುಗರು ಇದ್ದರೆ ಅವರಿಗೆ ನೀರೂ ಒಂದೇ, ಮಾಲೀಕರೂ ಒಬ್ಬರೇ. ಅವರ ಉತ್ತರಗಳೂ ಒಂದರ ಹಾಗೆ ಇನ್ನೊಂದು ಇರುತ್ತವೆ. ಹಾಗಾಗಿ ಮೂವತ್ತು ಮನೆಯ 384 ಹುಡುಗರು ಲೆಕ್ಕದಲ್ಲಿ 384 ಆಗುವುದಿಲ್ಲ. ಜಾಸ್ತಿ ಮನೆ, ಮನೆಗೆ ಇಬ್ಬರು ಮೂವರು ಸಾಕು. ಮನೆಯ ನಂಬರನ್ನು ಹಾಳೆಯಲ್ಲಿ ತಪ್ಪದೆ ಬರೆದುಕೊಳ್ಳಿ, ವಿಶ್ಲೇಷಣೆಗೆ ಅದು ಬೇಕು. ಎಸ್‌ಪಿಎಸ್‌ಎಸ್‌ಗೆ ದುಡ್ಡು ಸುರಿಯಬೇಡಿ, ಅಂಥದ್ದೇ ಲೆಕ್ಕದ ಸಾಫ್ಟ್‌ವೇರ್ ಜಮೋವಿ ಉಚಿತ, ಒಂದು ವಾರದಲ್ಲಿ ಕಲಿಯಬಹುದು.

ಸಣ್ಣ ರೂಮಿನವರು ಹೆಚ್ಚು ದಣಿದಿದ್ದಾರೆ ಅಂತ ಬಂತು ಅಂದುಕೊಳ್ಳಿ. ರೂಮಿನಿಂದಲೇ ಅಂತ ಬರೆಯುವ ಆತುರ ಬೇಡ. ಮನೆಯಲ್ಲಿ ದುಡ್ಡಿನ ಅಡಚಣೆ ಇದ್ದವನೇ ಸಣ್ಣ ರೂಮು ಹಿಡಿದಿರುತ್ತಾನೆ, ಮನೆಯ ಚಿಂತೆಯೂ ಅವನಿಗೇ ಜಾಸ್ತಿ. ಊರಿಂದ ತಿಂಗಳಿಗೆ ಎಷ್ಟು ಬರುತ್ತದೆ, ಇದು ಎಷ್ಟನೇ ಪ್ರಯತ್ನ, ಯಾವ ತಾಲೂಕು ಅಂತ ಕೇಳಿ. ತಾಲೂಕು ಇದ್ದರೆ ಅಭಿವೃದ್ಧಿಯ ಜೊತೆಗೂ ಜೋಡಿಸಬಹುದು. ಪ್ರಾದೇಶಿಕ ಅಸಮತೋಲನ ನೋಡಲು ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿನ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವು ಅಂತ ಗುರುತಿಸಿ ಮೂರು ದರ್ಜೆ ಮಾಡಿತ್ತು. ಹಳೆಯದು ನಿಜ, ಆದರೂ ಒಳ್ಳೆಯ ಆಧಾರ.

ಹೋಲಿಕೆ ಹೇಗೆ ಮಾಡಬೇಕು ಅನ್ನುವುದಕ್ಕೆ ನಿಮ್ಮೂರಲ್ಲೇ ಮಾದರಿ ಇದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಬಂದಾಗ, ಸಂಶೋಧಕರು ಅವಕ್ಕೆ ಹೋಲುವ, ಆದರೆ ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳನ್ನು ಆರಿಸಿ ಎರಡೂ ಕಡೆ ಮನೆ ಮನೆಗೆ ಹೋಗಿ ಮಕ್ಕಳ ಆರೋಗ್ಯದ ಬಗ್ಗೆ ಕೇಳಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮಕ್ಕಳ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಮುಚ್ಚಿಡದೆ ಬರೆದರು. ನಿಮಗೂ ಸಂಬಂಧ ಕಾಣದಿದ್ದರೆ ಹಾಗೇ ಬರೆಯಿರಿ.

ಉತ್ತರ: ಹಳ್ಳಿ ಸಮೀಕ್ಷೆಗಳಲ್ಲಿ ದುಡಿದವರು, ಹಾವೇರಿ

ನಾವು ಬಳಸಿದ್ದು ಏಣಿಯ ಪ್ರಶ್ನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಯಾಂಟ್ರಿಲ್ 1965ರಲ್ಲಿ ಹೇಳಿದ್ದು, ವಿಶ್ವ ಸಂತೋಷ ವರದಿಯ ದೇಶಗಳ ಪಟ್ಟಿಗೂ ಅದೇ ಆಧಾರ. 0ಯಿಂದ 10ರ ಏಣಿಯಲ್ಲಿ ನಿಮ್ಮ ಬದುಕು ಎಲ್ಲಿದೆ ಅಂತ ಕೇಳುವುದು. ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದರು. ಏಣಿಯ ಚಿತ್ರದ ಮೇಲೆ ಕೆಂಪು ಬೆರಳು ಇಟ್ಟು, “ನಂದ ಕೇಳ್ತಿಯೋ, ನನ್ನ ಮಗಂದ ಕೇಳ್ತಿಯೋ?” ಅಂದರು. ನಿಮ್ಮದೇ ಅಂದೆ. “ಅವಂದ ಬಿಟ್ಟು ನಂದ ಯಾವ್ದು?” ಆ ಹಾಳೆಯ ಅಂಚಿನಲ್ಲಿ ಮಾತನ್ನು ಹಾಗೇ ಬರೆದುಕೊಂಡೆ. ನಿಮ್ಮ ಹಾಳೆಯಲ್ಲೂ ಅಂಚು ಅಗಲ ಬಿಡಿ.

ಉತ್ತರ: ನಾಲ್ಕು ವರ್ಷ ಸಪ್ತಾಪುರದಲ್ಲಿ ಓದಿದವನು, ಈಗ ಹುಬ್ಬಳ್ಳಿ

ನಾನು ಇಂಥ ಫಾರ್ಮ್ ಮೂರು ಸಲ ತುಂಬಿದ್ದೇನೆ. ಏನು ಗೊತ್ತಾಯಿತು ಅಂತ ಯಾರೂ ಬಂದು ಹೇಳಲಿಲ್ಲ. ನೀವು ಹೇಳಿ. ಒಂದು ಪುಟ ಕನ್ನಡದಲ್ಲಿ ಬರೆದು ಲೈಬ್ರರಿ ಬಾಗಿಲಿಗೆ ಅಂಟಿಸಿದರೂ ಸಾಕು.

ಪರೀಕ್ಷೆಯ ಹಿಂದಿನ ವಾರ ಬರಬೇಡಿ. ಫಲಿತಾಂಶ ಬಂದ ವಾರವೂ ಬೇಡ, ಆಗ ಸಿಗುವ ಉತ್ತರವೇ ಬೇರೆ. ಬೆಳಿಗ್ಗೆ ಲೈಬ್ರರಿಯಲ್ಲಿ ಸೀಟು ಹಿಡಿಯುವ ಗದ್ದಲ ಇರುತ್ತದೆ. ರಾತ್ರಿ ಊಟದ ಹೊತ್ತು ಒಳ್ಳೆಯದು.

‘ಇನ್ನು ಆಗಲ್ಲ ಅನಿಸುತ್ತಾ’ ಅಂತ ಕೇಳುತ್ತೀರಿ. ಹೌದು ಅನ್ನುವವರು ಸಿಗುತ್ತಾರೆ, ನಾನೂ ಒಮ್ಮೆ ಅಂದಿದ್ದೆ. ಕೇಳಿದವರು ಮುಂದಿನ ಪ್ರಶ್ನೆಗೆ ಹೋದರು. ನೀವು ಹಾಗೆ ಹೋಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್, ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹೆಸರು ಎರಡನ್ನೂ ಚೀಟಿಯಲ್ಲಿ ಬರೆದು ಎಲ್ಲರಿಗೂ ಕೊಡಿ. ದಣಿದವರಿಗೆ ಮಾತ್ರ ಕೊಟ್ಟರೆ ಪಕ್ಕದವನಿಗೆ ಗೊತ್ತಾಗುತ್ತದೆ.

ಕೇಳಿದವರು

ಫಾರ್ಮ್ ಲಿಂಕ್ ತೆಗೆದು ಹಾಕಿದೆ. ಗೈಡ್ ಜೊತೆ ಮಾತಾಡಿದೆ, 130 ಮನೆ, ಮನೆಗೆ ಮೂವರು ಅಂತ ಒಪ್ಪಿದ್ದಾರೆ. ಸೋಮವಾರದಿಂದ ಮನೆಗಳ ಪಟ್ಟಿ ಬರೆಯಲು ಹೊರಡುತ್ತೇನೆ. ಚೀಟಿಗಳನ್ನು ಇವತ್ತೇ ಪ್ರಿಂಟ್ ಹಾಕಿಸಿದೆ.